ಮಾವನವರು ಹಿಂದಿನ ಸೀಟಿನಲ್ಲಿ ಕೂತು ಆರಿಸಿದ ಕಾರು

ನಮ್ಮ ಮನೆಯಲ್ಲಿ ಕಾರು ಓಡಿಸುವವಳು ನಾನು. ನನ್ನ ಗಂಡ ಸ್ಟೇರಿಂಗ್ ಹಿಡಿದರೆ ಸಾಕು, ಕೈ ಬೆವರುತ್ತದೆ. ಮಾವನವರು ಬಾಗಲಕೋಟೆಯಿಂದ ಇಳಕಲ್‌ಗೆ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಮಗನಿಗೆ ಕಲಿಸಿ ಕಲಿಸಿ ಸಾಕಾಗಿ, ಕೊನೆಗೆ ಸೊಸೆಯಾಗಿ ಬಂದ ನನಗೆ ಡ್ರೈವಿಂಗ್ ಕಲಿಸಿದರು.

ಹೊಸ ಕಾರಿನ ಮಾತು ಹುಟ್ಟಿದ್ದು ಸೀಗಿ ಹುಣ್ಣಿಮೆಯ ದಿನ. ಹುನಗುಂದದ ರಸ್ತೆಯಲ್ಲಿ ನಮ್ಮದೊಂದು ಎರೆಹೊಲ ಇದೆ. ಬೆಳೆಗೆ ಪೂಜೆ ಮಾಡಿ, ನೈವೇದ್ಯದ ಚರಗ ಚೆಲ್ಲಿ ಅಲ್ಲೇ ಊಟ ಮಾಡಿ ಬರೋಣವೆಂದು ಮಗಳೂ ಸೇರಿ ಐದೂ ಜನ ಹಳೆಯ ಸಣ್ಣ ಕಾರಿನಲ್ಲಿ ಹೊರಟೆವು. ಹಿಂದಿನ ದಿನ ಮಳೆ ಬಿದ್ದಿತ್ತು. ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದಿದ್ದೇ ತಡ, ಮುಂದಿನ ಗಾಲಿಗಳು ಗರಗರ ತಿರುಗಿ ಹೂತುಕೊಂಡವು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು. ಅತ್ತೆ ಜಾರಿ ಕೆಸರಿನಲ್ಲಿ ಕೂತೇಬಿಟ್ಟರು, ಆದರೆ ಹೋಳಿಗೆಯ ಬುಟ್ಟಿಯನ್ನು ಮಾತ್ರ ಎರಡೂ ಕೈಯಿಂದ ಮೇಲೆತ್ತಿ ಹಿಡಿದಿದ್ದರು. ಮೊದಲು ನಕ್ಕವರೂ ಅವರೇ. ಪಕ್ಕದ ಹೊಲದವರ ಟ್ರ್ಯಾಕ್ಟರ್ ಬಂದು ಕಾರನ್ನು ಎಳೆಯಿತು.

ಮನೆಗೆ ಬಂದು ಸೀರೆ ಬದಲಿಸಿದ ಮೇಲೆ ಅತ್ತೆ ಹೇಳಿದರು, "ಹೊಲಕ್ಕ ಹೋಗೂವಂಥಾ ಗಾಡಿ ತರ್ರಿ. ಇಲ್ಲಾಂದ್ರ ಮುಂದಿನ ವರ್ಷ ನನ್ನ ಎತ್ತಿನ ಬಂಡಿಯೊಳಗ ಕರ್ಕೊಂಡ ಹೋಗ್ರಿ."

ನಾಲ್ಕೂ ಗಾಲಿಗೆ ಎಂಜಿನ್ ಬಲ ಹೋಗುವ ಕಾರು ಬೇಕೆಂದು ತೀರ್ಮಾನವಾಯಿತು. ಬಾಗಲಕೋಟೆಯ ನವನಗರದ ಶೋರೂಮಿನವರು ಮೊದಲು ತೋರಿಸಿದ್ದು ಜೀಪಿನಂಥದ್ದು. ನೋಡಲು ಭರ್ಜರಿ. ಅತ್ತೆ ಒಂದು ಕಾಲೆತ್ತಿ ನೋಡಿ ಕೆಳಗಿಟ್ಟರು. "ಇದಕ್ಕ ನಿಚ್ಚಣಿಕಿ ಬೇಕ್ರಿ." ಹೇಗೋ ಹತ್ತಿಸಿ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಕುಲುಕಾಟಕ್ಕೆ ನನ್ನ ಮಗಳ ಮುಖ ಸಣ್ಣದಾಗಿತ್ತು.

ಮಾವನವರು ಮಾತ್ರ ಯಾವ ಕಾರು ಬಂದರೂ ನೆಟ್ಟಗೆ ಹಿಂದಿನ ಬಾಗಿಲು ತೆಗೆಯುತ್ತಿದ್ದರು. ಶೋರೂಮಿನ ಹುಡುಗಿ ಕರೆದಳು, "ಅಜ್ಜಾರ, ಮುಂದ ಬರ್ರಿ, ಒಂದು ರೌಂಡ್ ನೀವ ಹೊಡೀರಿ."

"ಬ್ಯಾಡವಾ. ಹೊಡಿಯಾಕಿ ನನ್ನ ಸೊಸಿ. ನಾ ಕುಂದ್ರಾಂವ."

ಎರಡನೆಯ ಕಾರು ನನಗೆ ಬಹಳ ಹಿಡಿಸಿತು. ಮೆತ್ತನೆಯ ಸೀಟು, ಹಂಪು ಹಾರಿದರೂ ಗೊತ್ತಾಗದು. ಮಾವನವರು ಇಳಿದು, "ಹಿಂದ ಕುಂತ್ರ ಹೊರಗ ಏನೂ ಕಾಣೂದಿಲ್ಲ. ಗಾಜು ಭಾಳ ಸಣ್ಣದೈತಿ," ಎಂದರು.

ನನ್ನ ಗಂಡನಿಗೆ ರೇಗಿತು. "ಅಪ್ಪಾ, ಎಂಜಿನ್ ನೋಡೂದ ಬಿಟ್ಟು ಕಿಟಕಿ ಏನ್ ನೋಡ್ತಿ?"

ಅವರು ಗಾಜನ್ನು ಇನ್ನೊಮ್ಮೆ ಮುಟ್ಟಿ ನೋಡಿ ಬಾಗಿಲು ಹಾಕಿದರು. ನನಗೂ ಒಳಗೊಳಗೇ ಬೇಸರವಾಯಿತು.

ಮುಂದಿನ ವಾರ ಮೂರನೆಯ ಕಾರು ನೋಡಿದೆವು. ಅತ್ತೆ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತರು. ಶೋರೂಮಿನ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುನಗುಂದದ ರಸ್ತೆ ಹಿಡಿದು ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಮಾವನವರ ದನಿ: "ನಿಲ್ಲಸವಾ, ನಿಲ್ಲಸು!"

ಗಾಬರಿಯಾಗಿ ಬದಿಗೆ ನಿಲ್ಲಿಸಿದೆ. ಅವರು ಗಾಜಿಗೆ ಮುಖ ಹಚ್ಚಿ ಬೇವಿನ ಮರಗಳ ಕಡೆ ನೋಡುತ್ತಿದ್ದರು. "ಅಲ್ಲೊಂದು ಬಾವಿ ಐತಿ ನೋಡು. ಯಾವಾಗ ಕಟ್ಟಿದ್ರು?"

ಅತ್ತೆಗೆ ನಗು ತಡೆಯಲಾಗಲಿಲ್ಲ. "ಅಯ್ಯ, ನಾ ಮದುವಿಯಾಗಿ ಬರೂಕಿಂತ ಮೊದಲಿನದ್ರೀ ಅದು! ದಿನಾ ಬಸ್ ಹೊಡಕೊಂಡು ಇದ ದಾರಿಯೊಳಗ ಹೋಗಿ ಬಂದೀರಿ."

"ಖರೇನ ನಾ ನೋಡಿಲ್ಲ. ಅಷ್ಟು ಮಂದೀನ ಹಿಂದ ಕುಂದ್ರಿಸ್ಕೊಂಡು ಅತ್ತಾಗ ಇತ್ತಾಗ ಹೆಂಗ ನೋಡ್ಲಿ? ಕಣ್ಣು ರಸ್ತಾದ ಮ್ಯಾಲ ಇರ್ತಿತ್ತು."

ನನ್ನ ಗಂಡ ಇಳಿದು ಅಪ್ಪನ ಬದಿಯ ಬಾಗಿಲು ತೆಗೆದರು. ಎಲ್ಲರೂ ಹೋಗಿ ಬಾವಿಯೊಳಗೆ ಇಣುಕಿದೆವು, ಶೋರೂಮಿನ ಹುಡುಗಿಯೂ. ಮೆಟ್ಟಿಲುಗಳ ಸಂದಿಯಿಂದ ಪಾರಿವಾಳಗಳು ಪಟಪಟನೆ ಎದ್ದವು.

ಅಲ್ಲಿಂದ ನಮ್ಮ ಹೊಲದ ದಾರಿ. ಬೆಳಗಿನ ಮಳೆಗೆ ಅದು ಕಲಸಿಟ್ಟ ಹಿಟ್ಟಿನಂತಾಗಿತ್ತು. "ಮೇಡಮ್ಮರ, ಹಿಂಗ ಮಣ್ಣ ಮಾಡ್ಕೊಂಡು ಹೋದ್ರ ನಂಗ ಬೈತಾರ್ರಿ," ಎಂದು ಹುಡುಗಿ ಅಳುಮೋರೆ ಮಾಡಿದಳು.

"ನಾವ ತೊಳದು ಕೊಡ್ತೇವಿ," ಎಂದರು ಅತ್ತೆ.

ಗೇರು ತಗ್ಗಿಸಿ, ನಿಲ್ಲದೆ ನಿಧಾನವಾಗಿ ನಡೆಸಿದೆ. ಕಾರು ಒಮ್ಮೆ ಓರೆಯಾಯಿತು, ಹಿಂದಿನ ಗಾಲಿಗಳು ಒತ್ತು ಕೊಟ್ಟವು, ಮತ್ತೆ ನೆಟ್ಟಗಾಗಿ ಬದುವಿನವರೆಗೂ ಹೋಗಿ ನಿಂತಿತು. ಮಗಳು ಚಪ್ಪಾಳೆ ತಟ್ಟಿದಳು. ನನ್ನ ಮೈಯೆಲ್ಲ ಹಗುರಾಯಿತು.

ಬಾಳಿಕೆಯ ಮಾತು ಮಾತ್ರ ಉಳಿದಿತ್ತು. ಮಾವನವರು ಬಸ್ ನಿಲ್ದಾಣದ ಎದುರು ಅಂಥದ್ದೇ ಕಾರು ಬಾಡಿಗೆಗೆ ಓಡಿಸುವವರೊಬ್ಬರನ್ನು ಹುಡುಕಿ ಚಹಾ ಕುಡಿಸಿ ವಿಚಾರಿಸಿದರು. ಬಂದು, "ಎಣ್ಣಿ ಹೊತ್ತಿಗೆ ಹಾಕಿದ್ರ ಕೈ ಕೊಡೂದಿಲ್ಲಂತ. ರಿಪೇರಿನೂ ನಮ್ಮ ಊರಾಗ ಆಕ್ಕೈತಿ. ತಗೊಳ್ಳೂಣು," ಎಂದರು.

ಹೊಸ ಕಾರಿನಲ್ಲಿ ಮೊದಲು ಹೋಗಿದ್ದು ಬಾದಾಮಿಗೆ. ಹಿಂದಿನ ಸೀಟಿನಲ್ಲಿ ಒಂದು ಕಿಟಕಿ ಮಾವನವರದು, ಇನ್ನೊಂದು ಅತ್ತೆಯದು, ನಡುವೆ ಮಗಳು. ಕೆಂಪು ಗುಡ್ಡಗಳು ಕಾಣತೊಡಗಿದ ಮೇಲೆ ಒಬ್ಬರು ಈ ಕಡೆ ನೋಡು ಎಂದರೆ ಇನ್ನೊಬ್ಬರು ಆ ಕಡೆ ನೋಡು ಎನ್ನುವರು, ಮಗಳ ಕುತ್ತಿಗೆ ನೋಯಬೇಕು. ಊರೊಳಗೆ ಪೇರಲ ಹಣ್ಣು ಕೊಂಡು ಹಿಂತಿರುಗುವಷ್ಟರಲ್ಲಿ ದೊಡ್ಡ ಮಂಗವೊಂದು ನಮ್ಮ ಬಾನೆಟ್ಟಿನ ಮೇಲೆ ಕಾಲು ಚಾಚಿ ಕೂತಿತ್ತು. ಒಳಗೆ ಕೂತು ಹಾರ್ನಿಗೆ ಕೈ ಹಾಕಿದೆ.

"ಹೊಡಿಬ್ಯಾಡವಾ, ಕುಂದರ್ಲಿ," ಎಂದರು ಮಾವನವರು, ಪೇರಲ ಕಚ್ಚುತ್ತ. "ನಮಗೇನ್ ಅವಸರ ಐತಿ?"