ಯಾವ ಸಾಕ್ಷಿಯೂ ಇಲ್ಲ

ಬೂದಿಕೋಟೆ ಬಳಿಯ ನಮ್ಮ ಶಾಲೆಗೆ ಸಂಶೋಧಕರೊಬ್ಬರು ಬಂದಿದ್ದರು. ಶಿಕ್ಷಣದಲ್ಲಿ ಹೊಸ ತಂತ್ರಜ್ಞಾನ ಎಂಬ ವಿಷಯದ ಮೇಲೆ ಆಗಲೇ ರಾಶಿ ರಾಶಿ ಪ್ರಬಂಧ ಪ್ರಕಟಿಸಿದ್ದ ಘನ ವಿದ್ವಾಂಸರು. ಮೇಷ್ಟರಾದ ನಾನು ಅವರನ್ನು ಮಕ್ಕಳ ತಾಯಂದಿರ ಮುಂದೆ ಕೂರಿಸಿದೆ. ಡೇರಿಗೆ ಹಾಲು ಹಾಕಿ ಬಂದಿದ್ದ ಒಬ್ಬಾಕೆಯನ್ನು ಅವರು ಕೇಳಿದರು: "ನಿಮ್ಮಲ್ಲಿ ಡಿಜಿಟಲ್ ಸಾಕ್ಷರತೆ ಇದೆಯೇ?"

ಆಕೆಗೆ ಕೇಳಿಸಿದ್ದು ಸಾಕ್ಷಿ. ಬಂಗಾರಪೇಟೆ ಕೋರ್ಟೇ ಕಣ್ಣ ಮುಂದೆ ಬಂದಿರಬೇಕು. "ಅಯ್ಯೋ, ನಮ್ಮತ್ರ ಯಾವ ಸಾಕ್ಷೀನೂ ಇಲ್ಲ ಸಾರ್, ನಾನೇನೂ ನೋಡಿಲ್ಲ" ಎಂದು ಕೈಮುಗಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮಹಾಶಯರು "ಇಲ್ಲ" ಎಂಬಲ್ಲಿ ಗುರುತು ಹಾಕಿ ಆಗಿತ್ತು. ತಿದ್ದಿ ಎಂದರೆ, "ಉತ್ತರದಲ್ಲಿ ನಾವು ಕೈಯಾಡಿಸುವಂತಿಲ್ಲ" ಎಂದು ನನಗೇ ಪಾಠ ಹೇಳಿದರು.

ಹೊರಡುವಾಗ ರೈಲು ಎಲ್ಲಿದೆಯೆಂದು ತಮ್ಮ ದುಬಾರಿ ಫೋನಿನಲ್ಲಿ ಹುಡುಕಿ ಹುಡುಕಿ ಸೋತರು. ಆಕೆಯೇ ಗಾಜು ಸೀಳುಬಿಟ್ಟ ತನ್ನ ಫೋನು ತೆಗೆದು ಎರಡು ಸಲ ಒತ್ತಿದಳು. "ಗಾಡಿ ಇನ್ನೂ ಮಾರಿಕುಪ್ಪಂ ಬಿಟ್ಟಿಲ್ಲ ಸಾರ್. ಈ ಬಸ್ ಅತ್ತಿದ್ರೆ ಬಂಗಾರಪೇಟೇಲಿ ಸಿಕ್ತದೆ."

ಮೊನ್ನೆ ಪ್ರಬಂಧ ಪ್ರಕಟವಾಯಿತು. ನಮ್ಮೂರ ತಾಯಂದಿರಿಗೆ ಫೋನು ಬಳಸಲು ಬರುವುದಿಲ್ಲವಂತೆ. ಬರೆದವರು ಅಂದು ರೈಲು ಹಿಡಿದದ್ದು ಹೇಗೆಂಬುದಕ್ಕೆ ಮಾತ್ರ ಅದರಲ್ಲಿ ಯಾವ ಸಾಕ್ಷಿಯೂ ಇಲ್ಲ.