ಸೋದರಮಾವನ ರಕ್ತ

ಬೆಂಗಳೂರಿಗೆ ಬಂದ ಮೂರನೆಯ ದಿನ ನನ್ನ ತಮ್ಮ ಮಲ್ಲಪ್ಪ ಆಸ್ಪತ್ರೆಯ ರಕ್ತನಿಧಿಯಲ್ಲಿ ಅಂಗಿಯ ತೋಳು ಮಡಚಿ ಕುಳಿತಿದ್ದ. ನರ್ಸು ಬಂದು, "ನೀವು ಮಗೂಗೆ ಏನಾಗ್ಬೇಕು?" ಎಂದಳು.

"ಸ್ವಾದರಮಾವ" ಎಂದ, ಎದೆಯುಬ್ಬಿಸಿ.

"ಹಾಗಾದ್ರೆ ಏಳಿ. ಈ ಮಗೂಗೆ ಸಂಬಂಧಿಕರ ರಕ್ತ ಹಾಕಲ್ಲ. ಹೊರಗಿನವರನ್ನ ಕರ್ಕೊಂಡ್ಬನ್ನಿ."

ನಮ್ಮ ಕಡೆ ರಕ್ತ ಬೇಕೆಂದರೆ ಮೊದಲು ನಿಲ್ಲುವವನೇ ಸೋದರಮಾವ. ಇಲ್ಲಿ ಅವನನ್ನೇ ಕುರ್ಚಿಯಿಂದ ಎಬ್ಬಿಸಿದರು. ಅವಮಾನದಿಂದ ಮುಖ ಕೆಂಪಾಗಿ ಅವನು ಚಹಾ ಕುಡಿಯಲು ಹೊರಗೆ ಹೋದ. ನಾನು ಡಾಕ್ಟರಮ್ಮನ ಕೋಣೆಗೆ ಹೋದೆ.

ನನ್ನ ಎರಡನೆಯ ಮಗಳು ಗಂಗಾಗೆ ಒಂಬತ್ತು ವರ್ಷ. ಅವಳ ಕಾಯಿಲೆಗೆ ಅಪ್ಲಾಸ್ಟಿಕ್ ಅನೀಮಿಯಾ ಎನ್ನುತ್ತಾರೆ. ಮೂಳೆಯೊಳಗಿನ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿದೆ. ದೊಡ್ಡ ಮಗಳು ಶಾಂತಾಳ ಮಜ್ಜೆ ಹೊಂದಿದರೆ ಅದನ್ನು ಕಸಿ ಮಾಡಬಹುದು ಎಂದು ಡಾಕ್ಟರಮ್ಮ ಹೇಳಿದರು. ಆಮೇಲೆ ಕೇಳಿದರು: "ಊರಲ್ಲಿದ್ದಾಗ ಮನೆಯವರು ಯಾರಾದ್ರೂ ರಕ್ತ ಕೊಟ್ಟಿದ್ರಾ?"

"ನನ್ನ ತಮ್ಮ ಎರಡು ಸಲ ಕೊಟ್ಟಾನ್ರಿ" ಎಂದೆ, ಹೆಮ್ಮೆಯಿಂದಲೇ.

ಅವರು ಬರೆಯುವುದನ್ನು ನಿಲ್ಲಿಸಿದರು. ಮನೆಯವರ ರಕ್ತ ಒಳಗೆ ಹೋದರೆ ಮೈ ಅದರ ಗುರುತು ಹಿಡಿದು ಅದರ ಮೇಲೆ ಹಗೆ ಬೆಳೆಸಿಕೊಳ್ಳಬಹುದು, ನಾಳೆ ಅಕ್ಕನ ಮಜ್ಜೆಯನ್ನೂ ಹಾಗೆಯೇ ಹೊರಗೆ ದೂಡಬಹುದು ಎಂದು ಬಿಡಿಸಿ ಹೇಳಿದರು. "ಆಗ ಕಾಯಿಲೆ ಏನು ಅಂತಾನೇ ಗೊತ್ತಿರ್ಲಿಲ್ಲ. ನಿಮ್ದೂ ತಪ್ಪಲ್ಲ, ಅವರದ್ದೂ ಅಲ್ಲ" ಎಂದರು. ಮಲ್ಲಪ್ಪ ಚಹಾ ಮುಗಿಸಿ ಬಂದಾಗ ನಾನು, "ಇಲ್ಲಿ ರೂಲ್ಸ್ ಹಂಗದ" ಎಂದಷ್ಟೇ ಹೇಳಿದೆ. ಅವನು ಈ ಊರಿನ ರೂಲ್ಸನ್ನು ಬೈಯುತ್ತಾ ಊರಿನ ರೈಲು ಹತ್ತಿದ.

ಜೋಗುಪಾಳ್ಯದಲ್ಲಿ ಒಂದು ರೂಮು ಹಿಡಿದೆವು. ಗಂಡ ಇಂದಿರಾನಗರದಲ್ಲಿ ಟೈಲ್ಸ್ ಕೂರಿಸಲು ಹೋಗುತ್ತಾರೆ. ಕೆಳಗಿನ ಮನೆಯ ಸೆಲ್ವಿಯಮ್ಮ ಗಂಗಾಳನ್ನು 'ಕಣ್ಣು' ಎಂದು ಕರೆಯುತ್ತಾರೆ, ತಮಿಳಿನಲ್ಲಿ ಅದು ಮುದ್ದಿನ ಮಾತಂತೆ. ನಮ್ಮೂರಲ್ಲಿ ಮಗು ಕಾಯಿಲೆ ಬಿದ್ದು ಮಲಗಿದರೆ ಓಣಿಯೆಲ್ಲ ಬಂದು ಹಾಸಿಗೆ ಸುತ್ತ ಕೂರಬೇಕು, ಬಾರದಿದ್ದರೆ ಮಾತು ಬರುತ್ತದೆ. ಇಲ್ಲಿ ಜನ ಬಂದರೆ ಸೋಂಕು ಬರುತ್ತದೆ. ಸೆಲ್ವಿಯಮ್ಮ ಬಾಗಿಲಾಚೆಯೇ ನಿಂತು ಮಾತಾಡಿಸಿ ಹೋಗುತ್ತಾರೆ. ಮೊದಮೊದಲು ನನಗೆ ಇದು ಜಂಬವೆನಿಸುತ್ತಿತ್ತು.

ರಕ್ತ ಕೊಟ್ಟವರೆಲ್ಲ ಗುರುತಿಲ್ಲದವರು. ಶಿವಾಜಿನಗರದ ಮಾಂಸದಂಗಡಿಯವರೊಬ್ಬರು ಕೊಟ್ಟು, ಕೈಗೆ ಹತ್ತಿ ಒತ್ತಿಕೊಂಡು, "ಬೇಟಿಗೆ ಇನ್ನೂ ಬೇಕಾದ್ರೆ ಫೋನ್ ಮಾಡಮ್ಮಾ" ಎಂದು ಹೋದರು. ವಿಮಾನಪುರದಿಂದ ಬಂದ ಹೆಂಗಸೊಬ್ಬರು ಪಾಪ, ಒಳ್ಳೆಯ ಮನಸ್ಸಿನಿಂದಲೇ, "ನಿಮ್ಮವರು ಯಾರೂ ಇಲ್ವಾ?" ಎಂದರು. ಆ ಮಾತಿಗೆ ನನಗೆ ಅಳು ಬಂತು.

ಎರಡು ತಿಂಗಳಾದ ಮೇಲೆ ಮಲ್ಲಪ್ಪ ಮತ್ತೆ ಬಂದ. ಊರಾಚೆಯ ನಾಟಿ ವೈದ್ಯರೊಬ್ಬರ ಪುಡಿ ತಂದಿದ್ದ. ಔಷಧ ತರುವಾಗ ನೆಲಕ್ಕೆ ಇಡಬಾರದು ಎಂಬುದು ನಮ್ಮವರ ನಡಾವಳಿ. ಇಡೀ ದಾರಿ ಅದನ್ನು ತೊಡೆಯಿಂದ ಇಳಿಸಿರಲಿಲ್ಲ, ಊಟವನ್ನೂ ಮಾಡಿರಲಿಲ್ಲ. ನಲವತ್ತೊಂದು ದಿನ ಪುಡಿ ತಿನ್ನಬೇಕು. ಅಲ್ಲಿಯವರೆಗೆ ಆಸ್ಪತ್ರೆಯ ಮಾತ್ರೆ, ರಕ್ತ ಎಲ್ಲ ಬಂದ್ ಮಾಡಬೇಕು ಅಂದಿದ್ದರಂತೆ.

ನಾನು ಊರಲ್ಲಿ ಅಂಗನವಾಡಿ ಟೀಚರ್ ಆಗಿದ್ದವಳು. ಮಕ್ಕಳಿಗೆ ಬರೆ ಹಾಕಿಸಬೇಡಿ, ದವಾಖಾನೆಗೆ ಹೋಗಿ ಎಂದು ಎಷ್ಟು ತಾಯಂದಿರಿಗೆ ಗದರಿದ್ದೇನೋ. ಆದರೂ ಆ ಪುಡಿಯನ್ನು ಕೈಯಲ್ಲಿ ಹಿಡಿದು ಎರಡು ದಿನ ಒದ್ದಾಡಿದೆ. ಡಾಕ್ಟರಮ್ಮ ಒಂದು ಸಲವೂ ಗ್ಯಾರಂಟಿ ಎನ್ನಲಿಲ್ಲ. ವೈದ್ಯರು ಗ್ಯಾರಂಟಿ ಬಿಟ್ಟು ಬೇರೆ ಮಾತೇ ಆಡಿರಲಿಲ್ಲವಂತೆ. ಮಗಳ ಕಾಲ ಮೇಲೆ ನೀಲಿ ಕಲೆಗಳು ಏಳುವುದನ್ನು ನೋಡುತ್ತಾ ಕುಳಿತವಳಿಗೆ ಗ್ಯಾರಂಟಿಯೇ ರುಚಿಸುತ್ತದೆ. ಕಡೆಗೆ ಪುಡಿಯನ್ನು ಡಾಕ್ಟರಮ್ಮನ ಮುಂದಿಟ್ಟೆ. ಅವರು ಬೈಯಲಿಲ್ಲ. "ಇದರಲ್ಲಿ ಏನಿದೆ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ರಕ್ತ ನಿಲ್ಸಿದ್ರೆ ಅವಳು ನಲವತ್ತೊಂದು ದಿನ ಉಳಿಯೋದೇ ಕಷ್ಟಮ್ಮ" ಎಂದರು. "ಕಸಿ ಮಾಡಿದ್ರೆ ಉಳೀತಾಳಾ?" ಎಂದೆ. "ಉಳೀಬಹುದು. ಮಜ್ಜೆ ಹಿಡೀದೇ ಇರಬಹುದು. ಎರಡೂ ಇದೆ."

ಪುಡಿ ಬೇಡವೆಂದೆ. ಮಲ್ಲಪ್ಪ ಅದನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡ.

"ಯಕ್ಕಾ, ನನ್ನ ರಗತ ಬ್ಯಾಡಂದ್ರಿ. ಈಗ ನಾ ತಂದ ಔಷಧಾನೂ ಬ್ಯಾಡ. ಹಂಗಾದ್ರ ನಾ ಅಕಿಗೆ ಏನಾಗಬೇಕು?"

ಅವನು ಕೊಟ್ಟ ರಕ್ತವೇ ಕಸಿಗೆ ಅಡ್ಡಿಯಾಗಬಹುದೆಂಬ ಸತ್ಯ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಅವನು ಗಂಗಾಳನ್ನು ಮಾತಾಡಿಸದೆಯೇ ಹೊರಟುಹೋದ.

ಶಾಂತಾಳ ಮಜ್ಜೆ ಹೊಂದಿತು, ಬರುವ ವಾರ ಗಂಗಾಳನ್ನು ಕಸಿಗೆ ಸೇರಿಸುತ್ತಾರೆ. ಎಲ್ಲ ಸರಿಹೋದರೂ ಒಂದು ವರ್ಷ ಊರ ಕಡೆ ತಲೆ ಹಾಕುವಂತಿಲ್ಲ. ಅಲ್ಲಿ ಮಲ್ಲಪ್ಪ ಈಗಲೂ ಕಟ್ಟೆಯ ಮೇಲೆ ಕುಳಿತು, ನನ್ನ ರಗತದಿಂದ ಆ ಕೂಸು ಇಷ್ಟು ದಿನ ಉಳದದ ಎನ್ನುತ್ತಾನಂತೆ. ಅದು ಸುಳ್ಳೂ ಅಲ್ಲ. ಆ ಎರಡು ಸಲ ಅವನ ರಕ್ತವಿಲ್ಲದಿದ್ದರೆ ಅವಳು ಇಲ್ಲಿಯತನಕ ಬರುತ್ತಿರಲಿಲ್ಲ.

ಅವನಿಗೆ ಓದಲು ಬಾರದು ಎಂಬ ಧೈರ್ಯದ ಮೇಲೆ ಇಷ್ಟೆಲ್ಲ ಬರೆದಿದ್ದೇನೆ. ನಮ್ಮೂರವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಅವನ ಕಿವಿಗೆ ಹಾಕಬೇಡಿ. ಗಂಗಾ ಉಳಿದರೆ ನಾನೇ ಬಂದು ಹೇಳುತ್ತೇನೆ. ಉಳಿಯದಿದ್ದರೆ ಅವನಿಗೆ ಹೇಳಲಾರೆ, ಹೇಳದೆ ಅವನ ಎದುರು ಕೂತು ಉಣ್ಣುವುದೂ ನನ್ನಿಂದಾಗದು. ಆಗ ನಮ್ಮವರು ಯಾರೂ ಇಲ್ಲದ ಈ ಊರಲ್ಲೇ ಉಳಿದುಬಿಡುತ್ತೇನೆ.