ಬೆನಿಲ್ದೆ ಎಡಚನನ್ನು ಹುಡುಕಿ ಹೊರಟದ್ದು

ವಾಲ್ದೆಸೆರ್ನಾದ ಚರ್ಚಿನ ಬೀಗದ ಕೈ ಬೆನಿಲ್ದೆಯ ಅಡುಗೆಮನೆಯ ಬಾಗಿಲ ಹಿಂದೆ, ಜರಡಿಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಗೇಣುದ್ದದ ಕಬ್ಬಿಣ. ಆರು ಊರಿಗೆ ಒಬ್ಬರೇ ಪಾದ್ರಿ; ಹದಿನೈದು ದಿನಕ್ಕೊಮ್ಮೆ ಬಂದು ಪೂಜೆ ಮುಗಿಸಿ ಕಾರು ಹತ್ತಿ ಹೋಗಿಬಿಡುತ್ತಿದ್ದರು. ಮಿಕ್ಕ ದಿನಗಳಲ್ಲಿ ಆ ಚರ್ಚಿಗೆ ಪಾರುಪತ್ಯಗಾರ್ತಿಯೂ ಅವಳೇ, ಕಸ ಗುಡಿಸುವವಳೂ ಅವಳೇ. ಅತ್ತೆಯ ಕಾಲದಿಂದ ಬಂದ ಕೆಲಸ. ಸಂಬಳವಿಲ್ಲ, ರಜೆಯೂ ಇಲ್ಲ.

ಚಳಿಗಾಲದಲ್ಲಿ ಆ ಊರಿನಲ್ಲಿ ಉಳಿಯುವವರು ಹದಿನೇಳು ಜನ. ಬಾರ್ಲಿ ತೆನೆಗೆ ಬಣ್ಣ ಬಂದಿತೆಂದರೆ ಸೈಕಲ್ಲಿನವರು ಶುರುವಾಗುತ್ತಿದ್ದರು. ಹಿಂದಿನ ಚಕ್ರದ ಎರಡೂ ಕಡೆ ಚೀಲ ಕಟ್ಟಿಕೊಂಡು, ಊರಿಂದೂರಿಗೆ ಹಳೆಯ ಚರ್ಚು ನೋಡುತ್ತಾ ಹೋಗುವ ಜನ. ಬೆನಿಲ್ದೆ ಪಾತ್ರೆ ಒಲೆಗಿಟ್ಟ ಹೊತ್ತನ್ನೇ ಕಾದಿದ್ದವರಂತೆ ಬಂದು ಬಾಗಿಲು ತಟ್ಟುವರು.

"ಊಟದ ಹೊತ್ತಿಗೇ ಇವರಿಗೆ ದೇವರ ನೆನಪಾಗೋದು ನೋಡು" ಎಂದು ಗೊಣಗುತ್ತಲೇ ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡು ಕೀಲಿ ತೆಗೆದುಕೊಳ್ಳುತ್ತಿದ್ದಳು.

ಒರೆಸಿಕೊಳ್ಳುತ್ತಿದ್ದದ್ದು ಎಡಗೈಯನ್ನು. ಬೆನಿಲ್ದೆ ಹುಟ್ಟಾ ಎಡಚಿ. ಶಾಲೆಯಲ್ಲಿ ಟೀಚರಮ್ಮ ಆ ಕೈಯನ್ನು ರಿಬ್ಬನ್ನಿನಿಂದ ಬೆಂಚಿಗೆ ಕಟ್ಟಿ, ಅದು ಸೈತಾನನ ಕೈ ಎಂದು ಹೇಳಿ, ಬಲಗೈಯಲ್ಲಿ ಅಕ್ಷರ ಕಲಿಸಿದ್ದರು. ಹೀಗಾಗಿ ಬರೆಯುವುದೊಂದು ಬಲಗೈಗೆ ಹೋಯಿತು. ಹಿಟ್ಟು ನಾದುವುದು, ಆಲೂಗಡ್ಡೆ ಹೆರೆಯುವುದು, ಗಂಡನಿಗೆ ಬೆರಳು ತೋರಿಸಿ ಬೈಯುವುದು ಎಲ್ಲವೂ ಎಡಗೈಯಲ್ಲೇ ಉಳಿದವು. ಆ ಕಾಲದಲ್ಲಿ ಅವಳಿಗೆ ಒಬ್ಬನೇ ಸ್ನೇಹಿತ. ಚರ್ಚಿನ ಮೂರನೆಯ ಕಂಬದ ತಲೆಯ ಮೇಲೆ, ಎಂಟುನೂರು ವರ್ಷದ ಹಿಂದೆ ಯಾರೋ ಕೆತ್ತಿದ ಮೊಳದಷ್ಟು ಎತ್ತರದ ಕಲ್ಲಿನ ರೈತ. ಗೋಧಿ ಕೊಯ್ಯುತ್ತಿದ್ದ ಅವನ ಕುಡುಗೋಲು ಎಡಗೈಯಲ್ಲಿತ್ತು. ಪೂಜೆ ನಡೆಯುವಷ್ಟು ಹೊತ್ತೂ ಹುಡುಗಿ ಅವನನ್ನೇ ನೋಡುತ್ತಿದ್ದಳು. ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅವಳಿಗೆ ಅರವತ್ತೊಂದಾದ ವರ್ಷದ ಜೂನ್ ತಿಂಗಳಲ್ಲಿ ದೂರದ ಮುರ್ಸಿಯಾ ಕಡೆಯ ಹಲ್ಲಿನ ಡಾಕ್ಟರೊಬ್ಬರು ಸೈಕಲ್ಲಿನಲ್ಲಿ ಬಂದರು. ಫುಲ್ಹೆನ್ಸಿಯೊ ಎಂದು ಹೆಸರು. ತೊಡೆಗೆ ಅಂಟಿದ ಚಡ್ಡಿ, ಬಿಸಿಲಿಗೆ ಸುಟ್ಟ ಮೂಗು. ಜಗಲಿಯ ಮೇಲೆ ಕೂತಿದ್ದ ಬೆನಿಲ್ದೆಯ ಗಂಡ ಅಸ್ತೇರಿಯೊ ಅವರನ್ನು ಮೇಲಿಂದ ಕೆಳಗೆ ನೋಡಿ, "ಡಾಕ್ಟ್ರೇ, ದರ್ಜಿ ಬಟ್ಟೆ ಉಳಿಸಿಕೊಂಡುಬಿಟ್ಟನಾ?" ಎಂದ. ಅವರು ನಕ್ಕು ಬೆನಿಲ್ದೆಯ ಹಿಂದೆ ಚರ್ಚಿನೊಳಗೆ ನಡೆದರು. ಮೂರನೆಯ ಕಂಬದ ಕೆಳಗೆ ನಿಂತು ಬಹಳ ಹೊತ್ತು ಕತ್ತೆತ್ತಿ ನೋಡಿದರು.

"ಈ ಕೊಯ್ಯೋನು ಎಡಚ, ಗಮನಿಸಿದೀರಾ ಅಮ್ಮಾ?"

ಬೆನಿಲ್ದೆಗೆ ತನ್ನ ಗುಟ್ಟನ್ನು ಯಾರೋ ಸಂತೆಯಲ್ಲಿ ಕೂಗಿ ಹೇಳಿದಂತಾಯಿತು. "ಮೂವತ್ತು ಚಿಲ್ಲರೆ ವರ್ಷದಿಂದ ಧೂಳು ಒರೆಸ್ತಿದೀನಿ. ಕಾಣದೆ ಇರುತ್ತಾ?"

"ನಿನ್ನೆ ತೊರ್ರೆಮುದಾ ಚರ್ಚಲ್ಲಿ ನೂಲು ತೆಗೆಯೋ ಕಲ್ಲಿನ ಹೆಂಗಸೊಬ್ಬಳನ್ನ ನೋಡ್ದೆ. ಇದೇ ಥರದ ಉಬ್ಬು ಕಣ್ಣು, ಇದೇ ಥರದ ಕಿವಿ. ಅವಳೂ ಎಡಗೈಲೇ ಕದಿರು ತಿರುಗಿಸ್ತಾಳೆ. ಕೆತ್ತಿದೋನು ಒಬ್ಬನೇ ಇರಬೇಕು. ಅವನೂ ಎಡಚನೇ ಅನ್ಸುತ್ತೆ."

ಡಾಕ್ಟರು ಬಾಟಲಿಗೆ ನೀರು ತುಂಬಿಸಿಕೊಂಡು ಹೊರಟುಹೋದರು. ಬೆನಿಲ್ದೆಯ ಒಲೆಯ ಮೇಲೆ ಕಡಲೆ ಸೀದುಹೋಯಿತು. ತೊರ್ರೆಮುದಾ ಇಪ್ಪತ್ತೆರಡೇ ಕಿಲೋಮೀಟರು, ಉತ್ತರದ ಬೋರೆಗುಡ್ಡದ ಆಚೆ. ಆದರೆ ಬಸ್ಸು, ಆಸ್ಪತ್ರೆ, ಸಂತೆ, ಕೋರ್ಟು ಎಲ್ಲವೂ ದಕ್ಷಿಣಕ್ಕೆ, ಜಿಲ್ಲಾ ಕೇಂದ್ರ ಪಾಲೆನ್ಸಿಯಾದ ದಿಕ್ಕಿಗೆ. ಹುಟ್ಟಿದಂದಿನಿಂದ ಅವಳು ಬೋರೆ ಹತ್ತಿ ಆ ಕಡೆ ಇಳಿದವಳಲ್ಲ. ಆ ಕೆತ್ತಿದವನು ಮೊದಲು ಇಲ್ಲಿಗೆ ಬಂದನೋ, ಅಲ್ಲಿಗೋ? ಯಾವ ದಾರಿಯಲ್ಲಿ ನಡೆದ? ಅವನಿಗೂ ಚಿಕ್ಕಂದಿನಲ್ಲಿ ಯಾರಾದರೂ ಕೈ ಕಟ್ಟಿದ್ದರೋ?

"ನಾನು ತೊರ್ರೆಮುದಾಕ್ಕೆ ಹೋಗಿ ಬರ್ತೀನಿ" ಎಂದಳು ರಾತ್ರಿ ಊಟಕ್ಕೆ ಕೂತಾಗ.

"ಅಲ್ಲೇನು ಗಂಟು ಇಟ್ಟಿದೀಯಾ?" ಎಂದ ಅಸ್ತೇರಿಯೊ.

"ಅದನ್ನೇ ನೋಡ್ಕೊಂಡು ಬರೋಣ ಅಂತ."

"ಕಟಾವು ಮುಗೀಲಿ, ಕಾರಲ್ಲಿ ಕರ್ಕೊಂಡು ಹೋಗ್ತೀನಿ."

"ಮದುವೆಯಾದಾಗಿಂದ ಇದೇ ಮಾತು ಕೇಳ್ತಿದೀನಿ. ಮೂವತ್ತೆಂಟು ವರ್ಷದಿಂದ ನಿನ್ನ ಕಟಾವು ಮುಗೀತಾನೇ ಇದೆ."

ಮಾವ ಬಿಟ್ಟುಹೋಗಿದ್ದ ಕಪ್ಪು ಸೈಕಲ್ಲು ಹುಲ್ಲಿನ ಕೊಟ್ಟಿಗೆಯಲ್ಲಿ ಗೋಡೆಗೆ ಒರಗಿತ್ತು. ಕೋಳಿಗಳು ಅದರ ಕ್ಯಾರಿಯರ್ ಮೇಲೆ ಸಂಸಾರ ಹೂಡಿದ್ದವು. ಬೆನಿಲ್ದೆ ಹುಡುಗಿಯಾಗಿದ್ದಾಗ ಹೊಲಕ್ಕೆ ಬುತ್ತಿ ಒಯ್ಯಲು ಸೈಕಲ್ ತುಳಿದವಳು, ಆಮೇಲೆ ಮುಟ್ಟಿರಲಿಲ್ಲ. ಹಟ್ಟಿಯ ಅಂಗಳದಲ್ಲಿ ಎರಡು ಸಲ ಬಿದ್ದಳು. ಮೂರನೆಯ ದಿನ ಎದ್ದು ನೋಡಿದರೆ ಟ್ಯೂಬಿಗೆ ಹೊಸ ಪಂಕ್ಚರ್ ತೇಪೆ, ಚೈನಿಗೆ ಎಣ್ಣೆ, ಸೀಟಿಗೆ ಕುರಿಯ ತುಪ್ಪಳ. ಗೊಣಗುತ್ತಿದ್ದ ಗಂಡನೇ ಬೆಳಕು ಹರಿಯುವ ಮೊದಲೇ ಎದ್ದು ಮಾಡಿದ್ದ.

"ಬೀಳೋದಾದ್ರೆ ಬಲಗಡೆಗೆ ಬೀಳು. ಎಡಗೈ ಮನೆಗೆ ಬೇಕು" ಎಂದು ಹೇಳಿ ಟ್ರ್ಯಾಕ್ಟರ್ ಹತ್ತಿದ.

ಲಂಗದ ಅಂಚಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿಕೊಂಡು, ಹುಲ್ಲಿನ ಟೋಪಿ ಕಟ್ಟಿಕೊಂಡು, ಬೆನಿಲ್ದೆ ಏಳು ಗಂಟೆಗೇ ಹೊರಟಳು. ಬೋರೆಯ ಏರು ಬಂದಾಗ ಇಳಿದು ತಳ್ಳಿದಳು. ಮೇಲೆ ಹೋದರೆ ಗಾಳಿ. ಬಾರ್ಲಿಯ ಹೊಲಗಳು ಬೀಸುವ ಗಾಳಿಗೆ ಕುದುರೆಯ ಬೆನ್ನಿನಂತೆ ಮಿರುಗುತ್ತಿದ್ದವು. ಒಂದು ಕಡೆ ಕುಸಿದ ಮಣ್ಣುಗೋಡೆಯ ಪಾರಿವಾಳದ ಮನೆ, ಇನ್ನೊಂದು ಕಡೆ ಇನ್ನೂ ಮೊಳಕಾಲುದ್ದದ ಸೂರ್ಯಕಾಂತಿ. ತನ್ನ ಊರಿನ ಚರ್ಚಿನ ಗೋಪುರ ಅವಳಿಗೆ ಹಿಂದಿನಿಂದ ಕಂಡದ್ದು ಅದೇ ಮೊದಲು. ಅದರ ಬೆನ್ನಿಗೆ, ಕೆಳಗಿನಿಂದ ಕಾಣದ ಎತ್ತರದಲ್ಲಿ, ಒಂದು ಕಿಟಕಿ ಇರುವುದು ಅವಳಿಗೆ ಗೊತ್ತೇ ಇರಲಿಲ್ಲ! ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದು ಹಾಗೇ ನಿಂತು ನೋಡಿದಳು.

ತೊರ್ರೆಮುದಾ ತಲುಪಿದಾಗ ಮಧ್ಯಾಹ್ನವಾಗಿತ್ತು. ಚರ್ಚಿಗೆ ಬೀಗ. ಕೀಲಿ ಎಲ್ಲಿ ಎಂದರೆ, ಬೆಂಚಿನ ಮೇಲಿದ್ದ ಮುದುಕ ಊರುಗೋಲಿನಿಂದ ನೀಲಿ ಬಾಗಿಲ ಕಡೆ ತೋರಿಸಿದ. ಅವಳು ತಟ್ಟಿದಳು. ಒಳಗಿನಿಂದ ಬೆಳ್ಳುಳ್ಳಿ ಹುರಿಯುವ ವಾಸನೆ ಬಂತು, ಆಮೇಲೆ ಧ್ವನಿ.

"ಊಟದ ಹೊತ್ತಿಗೇ ಬರ್ತಾರಪ್ಪ ಇವರೆಲ್ಲ! ಯಾರದು?"

ಬೆನಿಲ್ದೆಗೆ ನಗು ತಡೆಯಲಾಗಲಿಲ್ಲ. ಬಾಗಿಲಿನ ಮಣಿಪರದೆ ಸರಿಸಿ ಹೊರಗೆ ಬಂದವಳು ಪ್ರಿಮಿತಿವಾ, ಊರವರಿಗೆಲ್ಲ ಪ್ರಿಮಿ. ಕುಳ್ಳಗೆ ದುಂಡಗಿನ ವಿಧವೆ. ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಯಾಕೆ ನಗ್ತೀರಾ? ಸೈಕಲ್ಲಿನವರಾ? ಚಡ್ಡಿ ಎಲ್ಲಿ?"

"ನಾನು ವಾಲ್ದೆಸೆರ್ನಾದ ಕೀಲಿಯವಳು. ನಿಮ್ಮ ನೂಲಿನವಳನ್ನ ನೋಡೋಕೆ ಬಂದೆ."

"ಕೀಲಿಯವಳಾ? ಹಾಗಾದ್ರೆ ನಿಮಗೆ ಗೊತ್ತಿರಬೇಕು, ಈ ಹೊತ್ತಿಗೆ ಬರಬಾರ್ದು ಅಂತ."

"ಗೊತ್ತು. ಅದಕ್ಕೇ ನಾಚಿಕೆಯಾಗ್ತಿದೆ. ಒಲೆ ಆರಿಸಿ ಬನ್ನಿ, ನಾನು ಕಾಯ್ತೀನಿ."

ಪ್ರಿಮಿಗೆ ಈ ಮಾತು ಹಿಡಿಸಿತು. ಒಲೆ ಆರಿಸಿ, ಕೀಲಿ ತಂದಳು. ಅದು ಬೆನಿಲ್ದೆಯ ಕೀಲಿಗಿಂತ ಎರಡು ಬೆರಳು ಉದ್ದವಿತ್ತು, ಅದನ್ನವಳು ಮೊದಲೇ ಎತ್ತಿ ತೋರಿಸಿದಳು. ಒಳಗೆ, ಬಾಗಿಲಿನ ಪಕ್ಕದ ಕಂಬದ ಮೇಲೆ ಕಲ್ಲಿನ ಹೆಂಗಸು ಕೂತಿದ್ದಳು. ಉಣ್ಣೆ ಸುತ್ತಿದ ಕೋಲು ಬಲ ಕಂಕುಳಲ್ಲಿ, ಕದಿರು ಎಡಗೈಯಲ್ಲಿ. ತುಟಿ ಒಂಚೂರು ತೆರೆದು, ಪಕ್ಕದ ಮನೆಯವಳಿಗೆ ಏನೋ ಹೇಳುತ್ತಿರುವಂತೆ. ಬೆನಿಲ್ದೆ ಸುತ್ತು ಹಾಕಿ ಸುತ್ತು ಹಾಕಿ ನೋಡಿದಳು. ಅವಳು ಆ ಎಡಗೈಗೆ ಬೆರಳು ತೋರಿಸಿದಾಗ ಪ್ರಿಮಿಯೂ ತಲೆ ಎತ್ತಿದಳು.

"ಅಯ್ಯೋ, ಹೌದಲ್ವಾ! ನನ್ನ ಮದುವೆ ಇದರ ಕೆಳಗೇ ಆಯ್ತು. ಅವತ್ತೂ ಕಾಣಲಿಲ್ಲ ನೋಡಿ."

"ಅವತ್ತು ಬೇರೆ ಕಡೆ ನೋಡ್ತಿದ್ರೇನೋ."

"ಅವನನ್ನ ನೋಡೋ ಬದಲು ಇವಳನ್ನೇ ನೋಡಿದ್ರೆ ಚೆನ್ನಾಗಿತ್ತು" ಎಂದು ಪ್ರಿಮಿ ಗಹಗಹಿಸಿದಳು.

ಊಟ ಅಲ್ಲೇ ಆಯಿತು, ಬೆಳ್ಳುಳ್ಳಿ ಸೂಪು, ಬ್ರೆಡ್ಡು. ಎರಡನೆಯ ಲೋಟ ವೈನು ಮುಗಿಯುವಷ್ಟರಲ್ಲಿ ನೀವು ಹೋಗಿ ನೀನು ಆಗಿತ್ತು. ಆ ಎಡಚ ಇನ್ನೂ ಎಲ್ಲೆಲ್ಲಿ ಕೆತ್ತಿರಬಹುದು ಎಂಬ ಮಾತು ಬಂದಾಗ ಪ್ರಿಮಿ ಎದ್ದು ಪಡಸಾಲೆಯ ದೀಪ ಹಾಕಿದಳು. ಅಲ್ಲೊಂದು ಕೆಂಪು ಗೇರ್ ಸೈಕಲ್ಲು ನಿಂತಿತ್ತು. ಹಬ್ಬದ ಲಾಟರಿಯಲ್ಲಿ ಬಂದ ಬಹುಮಾನ, ಒಂಬತ್ತು ವರ್ಷದಿಂದ ಹ್ಯಾಂಡಲ್ಲಿಗೆ ಈರುಳ್ಳಿ ಜಡೆ ತೂಗುಹಾಕಲು ಬಳಕೆಯಾಗುತ್ತಿತ್ತು.

"ಸಾನ್ ಮಮೇಸ್‌ನಲ್ಲಿ ದೊಡ್ಡ ಚರ್ಚಿದೆ, ಕೋಟೆ ಇದೆ. ಬರೋ ಗುರುವಾರ ಹೋಗೋಣ್ವಾ? ಈರುಳ್ಳಿ ಬಿಚ್ಚಿಡ್ತೀನಿ."

ಗುರುವಾರ ಬೋರೆಯ ಕವಲುದಾರಿಯಲ್ಲಿ ಇಬ್ಬರೂ ಸೇರಿದರು. ಇಳಿಜಾರಿನಲ್ಲಿ ಪ್ರಿಮಿ ಬ್ರೇಕು ಹಿಡಿಯದೆ ಎಲ್ಲ ಸಂತರ ಹೆಸರನ್ನೂ ಕೂಗುತ್ತಾ ಹೋದಳು. ಕೆಳಗೆ ಕಾಲುವೆಯ ಪಕ್ಕದ ಜೊಂಡಿನಲ್ಲಿ ಬಿದ್ದು ಕೂತಿದ್ದಳು, ಪೆಟ್ಟೇನೂ ಆಗಿರಲಿಲ್ಲ. "ಗೇರ್ ಇದೆ ಅಂದ್ರು, ನಿಲ್ಲಿಸೋದು ಯಾವುದು ಅಂತ ಯಾರೂ ಹೇಳಲಿಲ್ಲ" ಎಂದಳು.

ಸಾನ್ ಮಮೇಸ್‌ನ ಕೋಟೆಬಾಗಿಲು ದಾಟಿ, ಮರದ ಕಂಬಗಳ ಮೊಗಸಾಲೆಯ ಬೀದಿಯಲ್ಲಿ ಸೈಕಲ್ ತಳ್ಳಿಕೊಂಡು ಹೋದರು. ಚರ್ಚಿನ ಪಕ್ಕದ ಕಲ್ಲಿನ ಅಂಗಳದ ಸುತ್ತ ಸಾಲಾಗಿ ಜೋಡಿ ಕಂಬಗಳು. ಒಬ್ಬ ಕಲ್ಲುಕುಟಿಗ, ಹುಬ್ಬಿನವರೆಗೂ ಬಿಳಿ ಪುಡಿ ಮೆತ್ತಿಕೊಂಡವನು, ಸವೆದ ಮೆಟ್ಟಿಲೊಂದನ್ನು ಬದಲಾಯಿಸುತ್ತಿದ್ದ. ಅದೇ ಉಬ್ಬು ಕಣ್ಣಿನ ಪಿಟೀಲಿನವನೊಬ್ಬ ಮೂಲೆಯ ಕಂಬದ ಮೇಲೆ ಸಿಕ್ಕಿದ, ಆದರೆ ಅವನ ಎರಡು ಕೈಗಳೂ ಮುರಿದು ಹೋಗಿದ್ದವು.

"ಥೂ, ಇಷ್ಟು ದೂರ ಬಂದು!" ಎಂದಳು ಪ್ರಿಮಿ.

ಬೆನಿಲ್ದೆ ಬಿಡಲಿಲ್ಲ. ಕಲ್ಲುಕುಟಿಗನ ಬಳಿ ಹೋಗಿ ಕೇಳಿದಳು: "ಅಣ್ಣಾ, ಕೈಯಿಲ್ಲದ ಮನುಷ್ಯನನ್ನ ನೋಡಿ, ಕೆತ್ತಿದೋನ ಕೈ ಯಾವುದು ಅಂತ ಹೇಳೋಕಾಗುತ್ತಾ?"

ಅವನು ಸುತ್ತಿಗೆ ಕೆಳಗಿಟ್ಟ. ಬಂದು ಹೋಗುವವರು ಈ ಪ್ರಶ್ನೆ ಕೇಳಿದವರಲ್ಲ. ಏಣಿ ತಂದು ಒರಗಿಸಿ, ಅವಳನ್ನೇ ಮೇಲೆ ಹತ್ತಿಸಿ, ಪಿಟೀಲಿನವನ ಹಿಂದಿನ ಕೆತ್ತನೆಯಿಲ್ಲದ ಸಪಾಟು ಕಲ್ಲಿನ ಮೇಲೆ ಬೆರಳು ಆಡಿಸಲು ಹೇಳಿದ.

"ಗೀರು ಸಿಗ್ತಾ? ಯಾವ ಕಡೆಗೆ ವಾಲಿವೆ?"

"ಎಡದ ಮೇಲಿಂದ ಬಲದ ಕೆಳಕ್ಕೆ."

"ಈಗ ಇಳಿದು ನನ್ನ ಮೆಟ್ಟಿಲು ಮುಟ್ಟಿ ನೋಡಮ್ಮ."

ಅವನ ಉಳಿಯ ಗೀರುಗಳು ತದ್ವಿರುದ್ಧವಾಗಿ ವಾಲಿದ್ದವು. "ನಾನು ಬಲಗೈಯೋನು. ಆ ಪಕ್ಕದ ಕಂಬಗಳನ್ನ ಮಾಡಿದೋರೂ ನನ್ನ ಹಾಗೇ. ಈ ಮೂಲೆಯ ಏಳು ಕಂಬ ಮಾತ್ರ ಬೇರೆ. ಆಣೆ ಮಾಡಿ ಹೇಳಲ್ಲ. ಆದ್ರೆ ಪಂದ್ಯ ಕಟ್ಟು ಅಂದ್ರೆ, ಎಡಚ ಅಂತಲೇ ಕಟ್ತೀನಿ."

ಬೆನಿಲ್ದೆ ಮತ್ತೊಮ್ಮೆ ಏಣಿ ಹತ್ತಿದಳು. ಬೆರಳ ತುದಿಗೆ ಆ ಗೀರುಗಳು ಒಂದೊಂದೇ ಸಿಕ್ಕವು, ಬಿರುಸಾಗಿ, ಎಲ್ಲಿಯೂ ಅಳುಕಿಲ್ಲದೆ. ಅವನು ಹೆದರಿ ಕೆತ್ತಿದವನಲ್ಲ ಎನಿಸಿ ಅವಳು ತೋಳಿನಿಂದ ಕಣ್ಣು ಒರೆಸಿಕೊಂಡಳು. ಕೆಳಗಿನಿಂದ ಪ್ರಿಮಿ, "ಏನೇ ಆಯ್ತು? ಅಳ್ತೀಯೇನೇ?" ಎಂದು ಕೂಗಿದಳು.

"ಕಲ್ಲಿನ ಪುಡಿ ಕಣ್ಣಿಗೆ ಬಿತ್ತು."

ಏಣಿಯ ಮೇಲಿಂದ ಅವಳಿಗೆ ಇನ್ನೊಂದು ಕಂಡಿತು. ಎಡಚನ ಏಳನೆಯ ಕಂಬದ ತಲೆಯಲ್ಲಿ ಅರ್ಧ ಮಾತ್ರ ಕೆಲಸವಾಗಿತ್ತು: ಒಂದು ಮೇಕೆ, ಅದರ ಮುಂದೆ ಎಲೆ ಇರಬೇಕಾದ ಕಡೆ ಬರೀ ಕಲ್ಲು.

"ಯಾಕೆ ನಿಲ್ಲಿಸಿದ?"

"ಸತ್ತಿರಬೇಕು ಪಾಪ" ಎಂದಳು ಪ್ರಿಮಿ.

"ಜಗಳ ಆಡಿಕೊಂಡು ಹೋಗಿದ್ರೂ ಹೋಗಿರಬಹುದು" ಎಂದ ಕಲ್ಲುಕುಟಿಗ. "ಮಲೆ ಕಡೆಯ ಊರುಗಳ ಚರ್ಚುಗಳಿಗೆ ನಾನು ಹೋಗಿಲ್ಲ. ನದಿ ಪಕ್ಕದ ದಾರಿ ಹಿಡಿದ್ರೆ ಮೊದಲ ಊರು ಹದಿನಾಲ್ಕು ಕಿಲೋಮೀಟರು."

ಆ ದಿನ ಅವರು ಅಲ್ಲಿಗೆ ಹೋಗಲಿಲ್ಲ, ಬಿಸಿಲು ಜಾಸ್ತಿಯಾಗಿತ್ತು. ಮೊಗಸಾಲೆಯ ನೆರಳಿನಲ್ಲಿ ಕೂತು ಆಲೂಗಡ್ಡೆ-ಮೊಟ್ಟೆಯ ತೋರ್ತಿಯಾ ಹಂಚಿಕೊಂಡು ತಿಂದು, ಮುಂದಿನ ಗುರುವಾರಕ್ಕೆ ಮಾತು ಮಾಡಿಕೊಂಡರು. ಸೆಪ್ಟೆಂಬರಿನ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಹನ್ನೊಂದು ಊರು ಮುಗಿದಿದ್ದವು. ಮೂರರಲ್ಲಿ ಎಡಚ ಸಿಕ್ಕಿದ, ಎಂಟರಲ್ಲಿ ಇಲ್ಲ. ಆ ಎಂಟರಲ್ಲಿ ಐದು ಕಡೆ ಕೀಲಿಯವರು ಊಟಕ್ಕೆ ಕೂರಿಸಿದರು. ಎಲೆ ತಿನ್ನುವ ಮೇಕೆಯನ್ನು ಅವನು ಕೆತ್ತಿ ಮುಗಿಸಿದ್ದು ಎಲ್ಲಿಯೂ ಸಿಗಲಿಲ್ಲ. ಹನ್ನೆರಡನೆಯ ಊರಿನ ದಾರಿಯಲ್ಲಿ ಒಂದು ಮರದ ಸೇತುವೆ ಕೊಚ್ಚಿಹೋಗಿತ್ತು. ಇಬ್ಬರೂ ಮಂಡಿಯವರೆಗೆ ಲಂಗ ಎತ್ತಿಕಟ್ಟಿ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ತಣ್ಣನೆಯ ನೀರಿಗೆ ಇಳಿದರು.